ಏಂಜೆಲ್ ಸಾಕೋದು ಅಂದ್ರೆ ನೀರು ಸಾಕೋದು

ಅಕ್ವೇರಿಯಂ ಅಂಗಡಿಗೆ ಹೋದವರ ಕಣ್ಣು ಏಂಜೆಲ್ ಫಿಶ್ ಮುಂದೆ ನಿಂತೇ ನಿಲ್ಲುತ್ತದೆ. ತಟ್ಟೆಯಂತೆ ಚಪ್ಪಟೆ ಮೈ, ಮೇಲಕ್ಕೂ ಕೆಳಕ್ಕೂ ದೋಣಿಯ ಹಾಯಿಯ ಹಾಗೆ ಚಾಚಿದ ರೆಕ್ಕೆ, ಮೈಮೇಲೆ ಕಪ್ಪು ಪಟ್ಟೆ. ಮರಿಗಳು ನಾಣ್ಯದಷ್ಟೇ ಇರುತ್ತವೆ, ಪಾಕೆಟ್ ಮನಿಯಲ್ಲೇ ಬರುತ್ತವೆ. ಪಿ.ಜಿ.ಯಲ್ಲಿರುವ ಹುಡುಗರು ಒಂದು ಜೋಡಿ ಮೀನು, ಒಂದು ದುಂಡನೆಯ ಗಾಜಿನ ಬೌಲ್ ಹಿಡಿದುಕೊಂಡು ಖುಷಿಯಿಂದ ರೂಮಿಗೆ ಬರುತ್ತಾರೆ. ಹತ್ತು ದಿನಕ್ಕೆ ಒಂದು ಸಾಯುತ್ತದೆ, ಮತ್ತೆರಡು ದಿನಕ್ಕೆ ಇನ್ನೊಂದು. ‘ನಮಗೆ ಮೀನು ಆಗಿಬರಲ್ಲ ಮಗಾ’ ಎಂಬ ತೀರ್ಮಾನದೊಂದಿಗೆ ಬೌಲ್ ಕಪಾಟಿನ ಮೇಲೆ ಸೇರುತ್ತದೆ.

ಆಗಿಬರದೇ ಇರುವುದು ಮೀನಲ್ಲ, ಅಮೋನಿಯಾ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ ಅದು ನೀರಿಗೆ ಸೇರುತ್ತಲೇ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನೀರು ಗಾಜಿನಷ್ಟು ತಿಳಿಯಾಗಿದ್ದರೂ ಮೀನಿನ ಕಿವಿರು ಸುಡುತ್ತಿರುತ್ತದೆ. ಹಳೆಯ ತೊಟ್ಟಿಯಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡಿದರೆ, ಇನ್ನೊಂದು ಜಾತಿ ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಈ ಸೈನ್ಯ ಇರುವುದಿಲ್ಲ. ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಂದರೆ ಫಿಲ್ಟರ್ ಓಡಿಸುತ್ತ, ದಿನಾ ಒಂದು ಚಿಟಿಕೆ ಆಹಾರ ಕೊಳೆಯಲು ಬಿಟ್ಟು, ಮೀನೇ ಇಲ್ಲದ ತೊಟ್ಟಿಯನ್ನು ನೋಡುತ್ತ ಕೂರಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಮೀನು. ರೂಮ್‌ಮೇಟ್‌ಗಳು ನಗುತ್ತಾರೆ, ನಗಲಿ. ಆರೋಗ್ಯವಾದ ಹಳೆಯ ತೊಟ್ಟಿಯಿರುವ ಗೆಳೆಯರಿದ್ದರೆ ಅವರ ಫಿಲ್ಟರ್‌ನಿಂದ ಒಂದು ತುಂಡು ಸ್ಪಂಜ್ ಕೇಳಿ ತನ್ನಿ. ಕಾಯುವ ದಿನಗಳು ಎಷ್ಟೋ ಕಡಿಮೆಯಾಗುತ್ತವೆ.

ಇನ್ನು ಬೌಲ್ ಮಾತೇ ಬೇಡ. ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯ ಈ ಮೀನು ಉದ್ದ 15 ಸೆಂ.ಮೀ.ವರೆಗೆ ಬೆಳೆಯುತ್ತದೆ, ರೆಕ್ಕೆ ಸೇರಿದರೆ ಎತ್ತರ ಅದಕ್ಕಿಂತ ಹೆಚ್ಚು. ಹಾಗಾಗಿ ತೊಟ್ಟಿಗೂ ಎತ್ತರ ಬೇಕು. 60x30x45 ಸೆಂ.ಮೀ. ತೊಟ್ಟಿ ಎಂದರೆ 81 ಲೀಟರ್, ಒಂದು ಜೋಡಿಗೆ ಸಾಕು. ನೀರೇ 81 ಕೆ.ಜಿ. ತೂಗುತ್ತದೆ, ಗಾಜು, ಕಲ್ಲು ಬೇರೆ. ಸ್ಟಡಿ ಟೇಬಲ್ ಮೇಲಿಡುವ ಮುನ್ನ ಸಿವಿಲ್ ಬ್ರಾಂಚ್ ಗೆಳೆಯನನ್ನು ಒಮ್ಮೆ ಕೇಳಿ!

ನಲ್ಲಿ ನೀರಿನ ಕ್ಲೋರಿನ್‌ಗೆ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹನಿ ಹಾಕಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಪೂರ್ತಿ ಖಾಲಿ ಮಾಡಿ, ಫಿಲ್ಟರನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆದರೆ ಆ ಬ್ಯಾಕ್ಟೀರಿಯಾ ಸೈನ್ಯವೂ ಚರಂಡಿ ಸೇರುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಅದ್ದಿ ಹಿಂಡಿ. ನೀರಿನ ಬಿಸಿ 25–28 ಡಿಗ್ರಿ ಇರಲಿ. ಮಂಗಳೂರಿನವರಿಗೆ ಇದು ಚಿಂತೆಯೇ ಅಲ್ಲ, ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಹೀಟರ್ ಬೇಕು.

ಆಹಾರದ ವಿಷಯದಲ್ಲಿ ಏಂಜೆಲ್ ದೊಡ್ಡ ನಾಟಕಗಾರ. ಮನುಷ್ಯರನ್ನು ಕಂಡರೆ ಸಾಕು, ಗಾಜಿಗೆ ಬಂದು ವಾರದಿಂದ ಉಪವಾಸವಿದ್ದಂತೆ ಬಾಯಿ ಬಡಿಯುತ್ತದೆ. ಮನೆಗೆ ಬಂದವರೆಲ್ಲ ‘ಅಯ್ಯೋ ಪಾಪ’ ಅಂತ ಒಂದೊಂದು ಚಿಟಿಕೆ ಹಾಕುತ್ತಾರೆ. ಊಟ ಮಾಡದೆ ಯಾರನ್ನೂ ಕಳಿಸದ ನಮ್ಮಮ್ಮನ ಮನಸ್ಸು ಮೀನಿನ ಮುಂದೆಯೂ ಕರಗುತ್ತದೆ. ದೊಡ್ಡ ಮೀನಿಗೆ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಹಾಕಿದರೆ ಧಾರಾಳ. ಮರಿಗಳಿಗೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಸಲ. ಸಣ್ಣ ಪೆಲೆಟ್ ದಿನದ ಊಟವಾದರೆ, ಫ್ರೋಜನ್ ಬ್ಲಡ್ ವರ್ಮ್ ವಾರಕ್ಕೊಂದೆರಡು ದಿನದ ಹಬ್ಬದೂಟ. ಅಂಗಡಿಗಳಲ್ಲಿ ಜೀವಂತ ಟ್ಯೂಬಿಫೆಕ್ಸ್ ಹುಳು ಅಗ್ಗಕ್ಕೆ ಸಿಗುತ್ತದೆ, ಮೀನು ಮುಗಿಬಿದ್ದು ತಿನ್ನುತ್ತದೆ. ಅದು ಕೊಳಚೆಯಲ್ಲಿ ಬೆಳೆಯುವ ಹುಳು, ರೋಗವನ್ನೂ ಜೊತೆಗೆ ತರಬಹುದು. ನಾನಂತೂ ತರುವುದಿಲ್ಲ.

ಸೆಮಿಸ್ಟರ್ ರಜೆಗೆ ಊರಿಗೆ ಹೊರಟಾಗ ಎಲ್ಲರ ಪ್ರಶ್ನೆ: ಮೀನಿಗೆ ಊಟ ಯಾರು ಹಾಕುತ್ತಾರೆ? ಬೆಳೆದ ಮೀನು ನಾಲ್ಕೈದು ದಿನ ಏನೂ ತಿನ್ನದೆ ಆರಾಮಾಗಿರುತ್ತದೆ. ಪ್ರೀತಿಯ ಪಕ್ಕದ ರೂಮಿನವನ ಕೈಗೆ ಇಡೀ ಡಬ್ಬ ಕೊಟ್ಟು ಹೋಗುವುದೇ ಹೆಚ್ಚು ಅಪಾಯ. ಅದಕ್ಕಿಂತ ಹೆಚ್ಚು ದಿನವಾದರೆ, ಒಂದೊಂದು ಹೊತ್ತಿನದನ್ನು ಪೇಪರ್ ಪೊಟ್ಟಣ ಕಟ್ಟಿ ತಾರೀಕು ಬರೆದಿಟ್ಟು, ಡಬ್ಬವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತೇನೆ.

ಹೆಸರು ಏಂಜೆಲ್ ಆದರೂ ಇದು ಸಿಕ್ಲಿಡ್ ಕುಟುಂಬದ್ದು, ಜಗಳಗಂಟ. ಬಾಯಿಗೆ ಹಿಡಿಸುವ ನಿಯಾನ್ ಟೆಟ್ರಾ ಜೊತೆಗಿಟ್ಟರೆ ಒಂದು ದಿನ ಅದೇ ಬ್ರೇಕ್‌ಫಾಸ್ಟ್. ಗಂಡು ಹೆಣ್ಣು ಗುರುತಿಸುವುದು ನುರಿತವರಿಗೂ ಕಷ್ಟ, ಜೋಡಿಯನ್ನು ಅವೇ ಆರಿಸಿಕೊಳ್ಳುತ್ತವೆ.

ನನ್ನ ತೊಟ್ಟಿಯ ಜೋಡಿ ಹೋದ ತಿಂಗಳು ಫಿಲ್ಟರ್ ಪೈಪಿನ ಮೇಲೆ ಸಾಲಾಗಿ ಮೊಟ್ಟೆ ಇಟ್ಟು, ಮರುದಿನವೇ ತಾವೇ ತಿಂದು ಮುಗಿಸಿದವು. ಮೊದಲ ಸಲದ ಅಪ್ಪ ಅಮ್ಮಂದಿರಲ್ಲಿ ಇದು ಮಾಮೂಲು. ಈ ಸಲ ಇಟ್ಟು ಎರಡು ದಿನವಾಯಿತು. ಇಬ್ಬರೂ ಸರದಿಯಂತೆ ರೆಕ್ಕೆಯಿಂದ ಗಾಳಿ ಬೀಸುತ್ತಿದ್ದಾರೆ, ಬೆಳ್ಳಗಾದ ಮೊಟ್ಟೆಗಳನ್ನು ಹೆಕ್ಕಿ ತೆಗೆಯುತ್ತಿದ್ದಾರೆ. ನಾಳೆ ನನಗೆ ಇಂಟರ್ನಲ್ಸ್. ನೋಟ್ಸ್ ಹಿಡಿದು ತೊಟ್ಟಿಯ ಪಕ್ಕದಲ್ಲೇ ಕೂತಿದ್ದೇನೆ.