ಕ್ಯಾಲ್ಸಿಯಂ ಮಾತ್ರೆ: ಯಾವಾಗ, ಯಾವುದರ ಜೊತೆ?

ಐವತ್ತು ದಾಟಿದ ಹೆಂಗಸರ ಔಷಧಿ ಡಬ್ಬಿಯಲ್ಲಿ ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆಗಳ ಪಕ್ಕದಲ್ಲೇ ಕ್ಯಾಲ್ಸಿಯಂ ಮಾತ್ರೆಯ ಶೀಟೂ ಇರುವುದು ಈಗ ಸಾಮಾನ್ಯ. ಎಷ್ಟೋ ಸಲ ವೈದ್ಯರು ಅದನ್ನು ಬರೆದುಕೊಟ್ಟು ವರ್ಷಗಳೇ ಕಳೆದಿರುತ್ತವೆ. ಮುಗಿದಾಗಲೆಲ್ಲ ಮೆಡಿಕಲ್ ಶಾಪಿನಿಂದ ಇನ್ನೊಂದು ಶೀಟು ಬರುತ್ತದೆ, ಬೆಳಿಗ್ಗೆ ಎದ್ದೊಡನೆ ಎಲ್ಲ ಮಾತ್ರೆಗಳ ಜೊತೆ ಒಂದೇ ಗುಟುಕು ನೀರಿನಲ್ಲಿ ಒಳಗೆ ಹೋಗುತ್ತದೆ. ತೊಂದರೆ ಶುರುವಾಗುವುದು ಆ ಒಂದು ಗುಟುಕಿನಿಂದ. ಕ್ಯಾಲ್ಸಿಯಂ ಎಷ್ಟು ಉಪಯೋಗಕ್ಕೆ ಬಂತು, ಎಷ್ಟು ಕಾಟ ಕೊಟ್ಟಿತು ಅನ್ನುವುದು ಬಹುಮಟ್ಟಿಗೆ ಅದು ಹೊಟ್ಟೆಯಲ್ಲಿ ಯಾವುದರ ಜೊತೆ ಸೇರಿತು ಅನ್ನುವುದರ ಮೇಲಿದೆ.

ಮೊದಲು ಶೀಟಿನ ಹಿಂಬದಿ ಓದಬೇಕು. ಸಾಮಾನ್ಯವಾಗಿ ಅಲ್ಲಿ ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ’ ಎಂದಿರುತ್ತದೆ, ಅದರ ಕೆಳಗೆ ‘ಎಲಿಮೆಂಟಲ್ ಕ್ಯಾಲ್ಸಿಯಂ 500 ಮಿ.ಗ್ರಾಂ’ ಎಂದು. ದೇಹದ ಲೆಕ್ಕಕ್ಕೆ ಬರುವುದು ಎರಡನೆಯ ಸಂಖ್ಯೆ. ಕಾರ್ಬೊನೇಟ್ ಅಂದರೆ ಸುಣ್ಣದ ಕಲ್ಲಿನಲ್ಲೂ ಸಮುದ್ರದ ಚಿಪ್ಪಿನಲ್ಲೂ ಇರುವ ವಸ್ತುವೇ. ಅದರ ತೂಕದಲ್ಲಿ ಶೇ. 40ರಷ್ಟು ಮಾತ್ರ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಸಿಟ್ರೇಟ್‌ನಲ್ಲಿ ಇದು ಸುಮಾರು ಶೇ. 21, ಗ್ಲುಕೊನೇಟ್‌ನಲ್ಲಿ ಶೇ. 9. ಹಾಗಾಗಿ ‘ಸಿಟ್ರೇಟ್ 1000’ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರೂ ಒಳಗಿರುವ ಕ್ಯಾಲ್ಸಿಯಂ 210 ಮಿ.ಗ್ರಾಂ. ಈ ವ್ಯತ್ಯಾಸ ತಿಳಿಯದೆ ಬ್ರಾಂಡ್ ಬದಲಾಯಿಸಿದರೆ ಅರ್ಧಕ್ಕರ್ಧ ಕಡಿಮೆಯೂ ಆಗಬಹುದು, ದುಪ್ಪಟ್ಟೂ ಆಗಬಹುದು.

ಕಾರ್ಬೊನೇಟ್ ಕರಗಲು ಆಮ್ಲ ಬೇಕು. ಒಂದು ಮಾತ್ರೆಯನ್ನು ಬಟ್ಟಲು ವಿನೆಗರ್‌ಗೆ ಹಾಕಿ ಆಗಾಗ ಕಲಕಿ ನೋಡಿ: ಮೇಲಿನ ಲೇಪ ಬಿಡುತ್ತಿದ್ದಂತೆ ಸಣ್ಣ ಗುಳ್ಳೆಗಳು ಏಳುತ್ತವೆ, ಮಾತ್ರೆಯ ಅಂಚು ಉದುರಿ ನೀರು ಬೆಳ್ಳಗಾಗುತ್ತದೆ. ಅರ್ಧ ಗಂಟೆಯಾದರೂ ಮಾತ್ರೆ ಹಾಗೆಯೇ ಕೂತಿದ್ದರೆ ಹೊಟ್ಟೆಯಲ್ಲೂ ಅದು ಸರಿಯಾಗಿ ಕರಗುವುದು ಅನುಮಾನ. ಏಳುವ ಗುಳ್ಳೆ ಇಂಗಾಲದ ಡೈಆಕ್ಸೈಡ್. ಈ ಮಾತ್ರೆ ನುಂಗಿದವರಿಗೆ ಹೊಟ್ಟೆ ಉಬ್ಬರ, ತೇಗು ಬರುವುದಕ್ಕೆ ಅದೂ ಒಂದು ಕಾರಣ. ಊಟ ಮಾಡುವಾಗ ಜಠರದಲ್ಲಿ ಆಮ್ಲ ಚೆನ್ನಾಗಿ ಸ್ರವಿಸುವುದರಿಂದ ಕಾರ್ಬೊನೇಟ್ ಮಾತ್ರೆಯನ್ನು ಊಟದ ಜೊತೆಗೋ ಊಟವಾದ ಕೂಡಲೇಯೋ ನುಂಗಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸ್ಟ್ರಿಕ್ ಮಾತ್ರೆಗಳನ್ನು ದಿನವೂ ತೆಗೆದುಕೊಳ್ಳುವವರ ಜಠರದಲ್ಲಿ ಆಮ್ಲವೇ ಕಡಿಮೆ. ಅಂಥವರಿಗೆ, ವಯಸ್ಸಾಗಿ ಆಮ್ಲ ಕುಗ್ಗಿದವರಿಗೆ ಸಿಟ್ರೇಟ್ ಒಳ್ಳೆಯದು. ಅದನ್ನು ಖಾಲಿ ಹೊಟ್ಟೆಯಲ್ಲೂ ತೆಗೆದುಕೊಳ್ಳಬಹುದು.

ಇನ್ನೊಂದು ಮಾತು. ಒಂದು ಸಲಕ್ಕೆ 500 ಮಿ.ಗ್ರಾಂ ದಾಟಿದರೆ ಕರುಳು ಹೀರಿಕೊಳ್ಳುವ ಪಾಲು ಇಳಿಯುತ್ತದೆ. ದಿನಕ್ಕೆ ಎರಡು ಮಾತ್ರೆ ಬರೆದಿದ್ದರೆ ಮಧ್ಯಾಹ್ನ ಒಂದು, ರಾತ್ರಿ ಒಂದು. ಮರೆತೆವೆಂದು ಎರಡನ್ನೂ ಒಟ್ಟಿಗೆ ನುಂಗಬಾರದು.

ಇನ್ನು ಬೆಳಗಿನ ಆ ಗುಟುಕಿಗೆ ಬರೋಣ. ಥೈರಾಯ್ಡ್ ಮಾತ್ರೆಯಾದ ಲೆವೊಥೈರಾಕ್ಸಿನ್ ಅನ್ನು ಕ್ಯಾಲ್ಸಿಯಂ ತನಗೆ ಅಂಟಿಸಿಕೊಳ್ಳುತ್ತದೆ. ಹಾಗೆ ಅಂಟಿದ ಔಷಧ ರಕ್ತ ಸೇರದೆ ಕರುಳಿನಿಂದ ಹೊರಗೆ ಹೋಗುತ್ತದೆ. ಆಮೇಲೆ ಆಗುವುದನ್ನು ನೋಡಿ: ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕೊರತೆ ತೋರಿಸುವ ಟಿಎಸ್‌ಎಚ್ ಏರಿರುತ್ತದೆ, 50 ಮೈಕ್ರೊಗ್ರಾಂ ಇದ್ದ ಮಾತ್ರೆ 75 ಆಗುತ್ತದೆ, ಮುಂದೆ 100. ಸುಸ್ತು, ಮೈಭಾರ ಇಳಿಯುವುದಿಲ್ಲ. ಮುಂದೊಂದು ದಿನ ಕ್ಯಾಲ್ಸಿಯಂ ನಿಲ್ಲಿಸಿದರೆ ಅದೇ 100 ಮೈಕ್ರೊಗ್ರಾಂ ಪೂರ್ತಿ ರಕ್ತಕ್ಕಿಳಿದು ಎದೆ ಡವಡವ ಶುರುವಾಗಬಹುದು. ಇದು ವೈದ್ಯರ ಗಮನಕ್ಕೆ ಬರುವುದೇ ಕಷ್ಟ. ಕ್ಯಾಲ್ಸಿಯಂ ಅನ್ನು ಔಷಧಿಯೆಂದು ಎಣಿಸದೆ, ‘ಏನೇನು ಮಾತ್ರೆ ತಗೋತೀರಮ್ಮ?’ ಎಂದು ಕೇಳಿದಾಗ ಬಹಳ ಮಂದಿ ಅದನ್ನು ಹೇಳುವುದೇ ಇಲ್ಲ. ಈ ಎರಡರ ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಎಂದು ಇಟ್ಟುಕೊಂಡರೆ ಅಂತರ ತಾನಾಗಿಯೇ ಸಿಗುತ್ತದೆ.

ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್‌ಗಳಿಗೂ ಕ್ಯಾಲ್ಸಿಯಂ ಇದೇ ರೀತಿ ಅಡ್ಡಬರುತ್ತದೆ. ಸೋಂಕು ವಾಸಿಯಾಗಲು ಕೊಟ್ಟ ಔಷಧ ಅರ್ಧವೂ ರಕ್ತ ಸೇರದಿದ್ದರೆ ರೋಗಾಣು ಉಳಿದುಕೊಳ್ಳುತ್ತದೆ. ಸಿಪ್ರೊಫ್ಲಾಕ್ಸಾಸಿನ್ ನುಂಗಿ 2 ಗಂಟೆಯಾದ ಮೇಲಷ್ಟೇ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಮೊದಲಾಗಿದ್ದರೆ 6 ಗಂಟೆ ಕಾಯಬೇಕು. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ಅನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು. ಕ್ಯಾಲ್ಸಿಯಂ ಎದುರಾದರೆ ಆ ವಾರದ ಮಾತ್ರೆ ವ್ಯರ್ಥ.

ಗರ್ಭಿಣಿಯರ ವಿಷಯದಲ್ಲಿ ಈ ಅಂತರಕ್ಕೆ ಇನ್ನೂ ಹೆಚ್ಚಿನ ಬೆಲೆ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ 14ನೇ ವಾರದಿಂದ ಹೆರಿಗೆಯಾದ ಆರು ತಿಂಗಳವರೆಗೆ ದಿನಕ್ಕೆ ಎರಡು ಸಲ, ಊಟದ ಜೊತೆ, 500 ಮಿ.ಗ್ರಾಂ ಕ್ಯಾಲ್ಸಿಯಂ ಕೊಡಬೇಕು. ಇದೇ ಹೊತ್ತಿನಲ್ಲಿ ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆಯೂ ಇರುತ್ತದೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಒಳಸೇರುವುದು ಕಡಿಮೆಯಾಗುತ್ತದೆ, ಅದಕ್ಕೇ ಕನಿಷ್ಠ 2 ಗಂಟೆ ಅಂತರ. ಗರ್ಭಿಣಿಯರಿಗೆ ಕ್ಯಾಲ್ಸಿಯಂ ಕೊಡುವುದರ ಮುಖ್ಯ ಉದ್ದೇಶ ರಕ್ತದೊತ್ತಡ ಏರಿ ತಾಯಿ ಮಗು ಇಬ್ಬರಿಗೂ ಕುತ್ತು ತರುವ ಪ್ರಿಎಕ್ಲಾಂಪ್ಸಿಯಾವನ್ನು ತಡೆಯುವುದು. ದಿನಕ್ಕೆ 1500ರಿಂದ 2000 ಮಿ.ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿತ್ತು, ಅಂದರೆ ದಿನಕ್ಕೆ ಮೂರು ನಾಲ್ಕು ದೊಡ್ಡ ಮಾತ್ರೆ. ಬೆಂಗಳೂರಿನಲ್ಲೂ ಟಾಂಜಾನಿಯಾದಲ್ಲೂ ತಲಾ 11,000 ಚೊಚ್ಚಲ ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ ದಿನಕ್ಕೆ 500 ಮಿ.ಗ್ರಾಂ ಪಡೆದವರಲ್ಲಿ ಶೇ. 3.0 ಮಂದಿಗೆ, 1500 ಮಿ.ಗ್ರಾಂ ಪಡೆದವರಲ್ಲಿ ಶೇ. 3.6 ಮಂದಿಗೆ ಈ ತೊಂದರೆ ಕಾಣಿಸಿತು. ಕಡಿಮೆ ಪ್ರಮಾಣವೂ ಹೆಚ್ಚಿನದಕ್ಕೆ ಸರಿಸಾಟಿಯೆಂದು ಸಂಶೋಧಕರು ತೀರ್ಮಾನಿಸಿದರು. ವಾಕರಿಕೆಯ ಮಧ್ಯೆ ಮಾತ್ರೆ ನುಂಗುವ ಬಸುರಿಗೆ ಮೂರರ ಜಾಗದಲ್ಲಿ ಒಂದಾದರೆ ಅದು ಸಣ್ಣ ಸಮಾಧಾನವಲ್ಲ. ಆದರೆ ಈಗಾಗಲೇ ಬರೆದುಕೊಟ್ಟ ಪ್ರಮಾಣವನ್ನು ತಾವಾಗಿಯೇ ಇಳಿಸಬಾರದು, ವೈದ್ಯರನ್ನು ಕೇಳಬೇಕು.

ಉಳಿದವರಿಗೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ್ದು ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200. ಇದು ಊಟವೂ ಸೇರಿದ ಲೆಕ್ಕ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 240. ರಾಗಿಯ ಫೈಟೇಟ್ ಸ್ವಲ್ಪ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ. ಮುದ್ದೆ, ಮಜ್ಜಿಗೆ, ಸೊಪ್ಪು ಇರುವ ಊಟದವರಿಗೆ ಕೊರತೆ ನೀಗಲು ಒಂದು ಮಾತ್ರೆ ಸಾಕಾಗಬಹುದು, ಬೇಕಾಗದೆಯೂ ಇರಬಹುದು. ಮಂಡಿ ನೋವಿಗೆಂದು ಮಾತ್ರೆ ಶುರುಮಾಡುವವರೂ ತುಂಬ ಮಂದಿ. ವಯಸ್ಸಾದಾಗ ಮಂಡಿ ನೋಯುವುದು ಹೆಚ್ಚಾಗಿ ಕೀಲಿನ ಮೃದ್ವಸ್ಥಿ ಸವೆದು, ಅದನ್ನು ಕ್ಯಾಲ್ಸಿಯಂ ತುಂಬಿಕೊಡುವುದಿಲ್ಲ.

ಬೇಕಾದದ್ದಕ್ಕಿಂತ ಹೆಚ್ಚು ನುಂಗಿದರೆ ಮೂಳೆ ಗಟ್ಟಿಯಾಗುತ್ತಾ ಹೋಗುವುದೂ ಇಲ್ಲ. ಅಮೆರಿಕದಲ್ಲಿ 36,282 ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ, ಜೊತೆಗೆ ವಿಟಮಿನ್ ಡಿ ಪಡೆದವರ ಸೊಂಟದ ಮೂಳೆಯ ಸಾಂದ್ರತೆ ಶೇ. 1ರಷ್ಟು ಉತ್ತಮವಾಗಿತ್ತು, ಮೂತ್ರಪಿಂಡದ ಕಲ್ಲು ಶೇ. 17ರಷ್ಟು ಹೆಚ್ಚಿತ್ತು. ಆದರೆ ಊಟದಲ್ಲಿ ಕ್ಯಾಲ್ಸಿಯಂ ಹೆಚ್ಚಿರುವವರಲ್ಲಿ ಕಲ್ಲು ಕಡಿಮೆ. ಊಟದ ಜೊತೆ ಬಂದ ಕ್ಯಾಲ್ಸಿಯಂ ಸೊಪ್ಪು, ಕಾಳುಗಳಲ್ಲಿರುವ, ಕಲ್ಲಿಗೆ ಕಾರಣವಾಗುವ ಆಕ್ಸಲೇಟ್ ಅನ್ನು ಕರುಳಿನಲ್ಲೇ ಹಿಡಿದು ಮಲದಲ್ಲಿ ಸಾಗಿಸುತ್ತದೆ. ಖಾಲಿ ಹೊಟ್ಟೆಗೆ ನುಂಗಿದ ಮಾತ್ರೆಗೆ ಹಿಡಿಯಲು ಆಕ್ಸಲೇಟ್ ಸಿಗುವುದಿಲ್ಲ, ಕ್ಯಾಲ್ಸಿಯಂ ಮಾತ್ರ ಮೂತ್ರಕ್ಕೆ ಹೋಗುತ್ತದೆ. ಕಲ್ಲು ಆಗಿದ್ದವರು ಹಾಲು ಮೊಸರು ಬಿಡುವುದು, ಮಾತ್ರೆ ಮುಂದುವರಿಸುವುದು ತೀರಾ ತಿರುಗುಮುರುಗು ಕೆಲಸ.

ಅತಿಯಾದ ಕ್ಯಾಲ್ಸಿಯಂನ ಅಪಾಯ ಹೊಸದಲ್ಲ. 1915ರಲ್ಲಿ ಷಿಕಾಗೊದ ವೈದ್ಯ ಬರ್ಟ್ರಮ್ ಸಿಪ್ಪಿ ಹೊಟ್ಟೆ ಹುಣ್ಣಿಗೆ ಗಂಟೆಗೊಮ್ಮೆ ಹಾಲು ಕೆನೆ, ನಡುನಡುವೆ ಕ್ಷಾರದ ಪುಡಿ ಕೊಡುವ ಚಿಕಿತ್ಸೆ ಹೇಳಿದ. ಕೆಲವು ರೋಗಿಗಳಿಗೆ ತಲೆನೋವು, ವಾಂತಿ, ಮಂಕು ಹಿಡಿದು ಮೂತ್ರಪಿಂಡ ಸೋತಿತು. ಇವತ್ತು ಅದೇ ತೊಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಅತಿಯಾಗಿ ನುಂಗುವವರಲ್ಲಿ ಕಾಣಿಸುತ್ತಿದೆ. ಎಲೆ ಅಡಿಕೆಯ ಜೊತೆ ಸುಣ್ಣ ಹೆಚ್ಚು ತಿನ್ನುವವರಲ್ಲೂ ತೈವಾನ್‌ನ ವೈದ್ಯರು ಇದನ್ನು ಗುರುತಿಸಿದ್ದಾರೆ. ‘ಸುಣ್ಣ ನೀರಿಗೆ ಹಾಕಿ ಕುಡಿಯಿರಿ, ಕ್ಯಾಲ್ಸಿಯಂ ಸಿಗುತ್ತದೆ’ ಎಂಬ ಮಾತು ಕೇಳಬೇಡಿ, ಅದು ಬಾಯಿ ಗಂಟಲನ್ನೂ ಸುಡುತ್ತದೆ. ಮೂತ್ರ ಹೆಚ್ಚಿಸುವ ಥಯಾಜೈಡ್ ಬೆರೆತ ಬಿಪಿ ಮಾತ್ರೆ ಕ್ಯಾಲ್ಸಿಯಂ ಹೊರಹೋಗುವುದನ್ನು ತಡೆಯುತ್ತದೆ. ಅಂಥವರಿಗೆ ಸಣ್ಣ ಹೆಚ್ಚಳವೂ ಭಾರ. ವಿಟಮಿನ್ ಡಿಯ 60,000 ಯೂನಿಟ್ ಪುಡಿ ವಾರಕ್ಕೊಂದು. ತಪ್ಪು ತಿಳಿದು ದಿನಕ್ಕೊಂದು ತೆಗೆದುಕೊಂಡರೆ ದಿನದ 600 ಯೂನಿಟ್ ಅಗತ್ಯದ ನೂರು ಪಟ್ಟು ದಿನವೂ ದೇಹ ಸೇರುತ್ತದೆ, ರಕ್ತದ ಕ್ಯಾಲ್ಸಿಯಂ ಮಿತಿಮೀರುತ್ತದೆ. ಬಿಡದ ಮಲಬದ್ಧತೆ, ಅತಿ ಬಾಯಾರಿಕೆ, ಪದೇಪದೇ ಮೂತ್ರ, ವಾಕರಿಕೆ, ಮಾತಿನಲ್ಲಿ ತಡಬಡ ಕಂಡರೆ ಮಾತ್ರೆ ನಿಲ್ಲಿಸಿ ಪರೀಕ್ಷೆ ಮಾಡಿಸಬೇಕು.

ಕೆಲವರು ಮಾತ್ರ ಇದನ್ನೆಲ್ಲ ಓದಿ ತಾವಾಗಿ ಮಾತ್ರೆ ಬಿಡಕೂಡದು. ಮೂತ್ರಪಿಂಡ ಸೋತವರಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೊಡುವುದು ಊಟದಲ್ಲಿರುವ ರಂಜಕವನ್ನು ಹಿಡಿಯಲು. ಆ ಮಾತ್ರೆ ತುತ್ತಿನ ಜೊತೆಗೇ ಹೋಗಬೇಕು. ಥೈರಾಯ್ಡ್ ಗ್ರಂಥಿ ತೆಗೆಸಿಕೊಂಡವರಲ್ಲಿ ಅದರ ಹಿಂದಿರುವ ಕಾಳಿನಷ್ಟು ಚಿಕ್ಕ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾಗಿದ್ದರೆ ರಕ್ತದ ಕ್ಯಾಲ್ಸಿಯಂ ಹಠಾತ್ತಾಗಿ ಕುಸಿಯಬಹುದು. ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು, ಕೈ ಬೆರಳು ತಾನಾಗಿ ಸೆಟೆದು ಒಳಗೆ ಮಡಚಿಕೊಳ್ಳುವುದು ಅದರ ಲಕ್ಷಣ. ಹಾಗಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.