ಸಲೈನ್ ತೀರಿದಾಗ

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ಕಿಕ್ಕಿರಿದಿದ್ದಾಗ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಸಲೈನ್ ಏರಿಸುವುದೇ ಆಗಿನ ರೂಢಿಯ ಚಿಕಿತ್ಸೆ. ಅದರ ದಾಸ್ತಾನು ತೀರುತ್ತ ಬಂದಿತ್ತು. ಏರಿಸಬಲ್ಲ ಕೈಗಳೂ ಸಾಲದಾಗಿದ್ದವು.

ಡಾ. ದಿಲೀಪ್ ಮಹಾಲನಬಿಸ್ ತೀರ ನಿತ್ರಾಣರಾದವರಿಗೆ ಸಲೈನ್ ಉಳಿಸಿ, ಮಿಕ್ಕವರಿಗೆ ಬಾಯಿಯ ಮೂಲಕವೇ ಕುಡಿಸಲು ಹೊರಟರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡಿಗೆ ಉಪ್ಪು, 2.5 ಗ್ರಾಂ ಅಡಿಗೆ ಸೋಡ. ಕುಡಿಸುವ ಕೆಲಸ ರೋಗಿಯ ಮನೆಯವರದೇ.

ಸಕ್ಕರೆಯೇಕೆ? ಬಾಯಿರುಚಿಗಂತೂ ಅಲ್ಲ. ಕಾಲರಾ ಹಿಡಿದ ಕರುಳು ಬರಿಯ ಉಪ್ಪುನೀರನ್ನು ಸರಿಯಾಗಿ ಹೀರಿಕೊಳ್ಳದು. ಗ್ಲೂಕೋಸ್ ಮಾತ್ರ ಕರುಳಿನ ಗೋಡೆ ದಾಟುವಾಗ ಉಪ್ಪಿನ ಸೋಡಿಯಂ ಅನ್ನು ಜೊತೆಗೆ ಎಳೆದೊಯ್ಯುತ್ತದೆ; ಅದರ ಬೆನ್ನಿಗೆ ನೀರು. ರೋಗ ಈ ಬಾಗಿಲನ್ನು ಮುಚ್ಚಲಾರದು. ಆದರೆ ಸಕ್ಕರೆ ಅಳತೆ ಮೀರಿದರೆ ಭೇದಿಯೇ ಹೆಚ್ಚೀತು!

ಢಾಕಾದ ಸಂಶೋಧಕರು ಇದನ್ನು 1968ರಲ್ಲೇ ತೋರಿಸಿದ್ದರು, ಆದರೆ ಆಸ್ಪತ್ರೆಯ ಕಣ್ಗಾವಲಿನಲ್ಲಿ. ತಾಯಿಯೊಬ್ಬಳು ಲೋಟ ಹಿಡಿದು ಇದನ್ನು ಮಾಡಬಲ್ಲಳೆಂದು ನಂಬುವುದೇ ಕಷ್ಟವಾಗಿತ್ತು. ಬನಗಾಂವ್‌ನಲ್ಲಿ ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು 2023ರಲ್ಲಿ.