ಉಂಡದ್ದು ಮೈಗೆ ಹತ್ತಬೇಕಾದರೆ

ಬಾದಾಮಿ, ಹುನಗುಂದ ಕಡೆಯ ಗರಡಿಮನೆಗಳಲ್ಲಿ ಸಾಮು ಮಾಡುವ ತರುಣರು ಹಾಲು, ತುಪ್ಪ, ಮೊಟ್ಟೆಗಳಿಗೆ ಧಾರಾಳವಾಗಿ ಹಣ ವ್ಯಯಿಸುವರು. ಆದರೆ ಮಾಂಸಖಂಡಗಳನ್ನು ಕಟ್ಟುವ ಸಸಾರಜನಕವು ಜಠರ ಹಾಗೂ ಸಣ್ಣ ಕರುಳಿನಲ್ಲಿ ಅಮೈನೋ ಆಮ್ಲಗಳಾಗಿ ಒಡೆದು ರಕ್ತವನ್ನು ಸೇರಿದರೆ ಮಾತ್ರ ಆಹಾರವು ಮೈಗೆ ಹತ್ತುವುದು.

100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವಿದ್ದರೂ ಲೈಸಿನ್ ಎಂಬ ಅಂಶವು ಕಡಿಮೆ. ಹೆಸರು, ಮಡಿಕೆ, ಹುರುಳಿ ಕಾಳುಗಳು ಆ ಕೊರತೆಯನ್ನು ತುಂಬುತ್ತವೆ. ನೆನೆಸಿ ಮೊಳಕೆ ಬರಿಸಿದ ಕಾಳು ಸುಲಭವಾಗಿ ಜೀರ್ಣವಾಗುತ್ತದೆ. ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಮಜ್ಜಿಗೆ: ಪೇಟೆಯ ಡಬ್ಬಿಯ ಪುಡಿಗಿಂತ ಇದೇ ಮೇಲೆಂದು ನನ್ನ ಅಭಿಪ್ರಾಯ.

ಇಷ್ಟಾದರೂ ಮೈ ತುಂಬದೆ, ಮುಖವು ಬಿಳಿಚಿ ದಣಿವಾಗುತ್ತಿದ್ದರೆ ಕೊಕ್ಕೆಹುಳುವನ್ನು ಶಂಕಿಸಬೇಕು. ಬಯಲು ಮಲವಿಸರ್ಜನೆಯಿಂದ ಕೆಟ್ಟ ಮಣ್ಣಿನಲ್ಲಿ ಬರಿಗಾಲಿನಿಂದ ನಡೆದಾಗ ಅದರ ಮರಿಗಳು ಚರ್ಮದ ಮೂಲಕ ಒಳಸೇರಿ, ಬೆಳೆದ ಮೇಲೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವುವು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಲಪರೀಕ್ಷೆ ಮಾಡಿಸಿರಿ. ವಯಸ್ಕರಿಗೆ ಸಾಮಾನ್ಯವಾಗಿ 400 ಮಿಲಿಗ್ರಾಂನ ಆಲ್ಬೆಂಡಜೋಲ್ ಮಾತ್ರೆಯೊಂದನ್ನು ಕೊಡಲಾಗುವುದು. ಪತಿಯು ತಾನೊಬ್ಬನೇ ಮಾತ್ರೆ ನುಂಗಿ ಸುಮ್ಮನಾಗಬಾರದು. ಕಳೆ ತೆಗೆಯಲು ಬರಿಗಾಲಿನಲ್ಲಿ ಹೊಲಕ್ಕಿಳಿಯುವವಳು ಪತ್ನಿ, ರಕ್ತಹೀನತೆ ಹೆಚ್ಚಾಗಿ ಬಾಧಿಸುವುದೂ ಅವಳನ್ನೇ. ಆದರೆ ಗರ್ಭ ಧರಿಸಿದ ಮೊದಲ ಮೂರು ತಿಂಗಳು ಈ ಮಾತ್ರೆಯನ್ನು ಸೇವಿಸಕೂಡದು.